ಸಿವಿಲ್ ಓದಿದವರು ಇಂಟೀರಿಯರ್ ಡಿಸೈನ್‌ನಲ್ಲಿ ಪಿಜಿ ಮಾಡಬಹುದಾ?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಬಿ.ಇ. ಸಿವಿಲ್ ಮುಗಿಸಿದ್ದೇನೆ. ಕಟ್ಟಡ ಎಬ್ಬಿಸುವುದಕ್ಕಿಂತ ಮನೆಯ ಒಳಗಿನ ಕೆಲಸದಲ್ಲೇ ನನಗೆ ಆಸಕ್ತಿ ಜಾಸ್ತಿ. ಇಂಟೀರಿಯರ್ ಡಿಸೈನ್‌ನಲ್ಲಿ ಮಾಸ್ಟರ್ಸ್ ಮಾಡಬಹುದಾ? ಮುಂದೆ ಊರಲ್ಲೇ ಹೋಮ್‌ಸ್ಟೇ ಕೆಲಸ ಹಿಡಿಯುವ ಆಸೆ. ಅದಕ್ಕೆ ಈ ಡಿಗ್ರಿ ಬೇಕೇ ಬೇಕಾ?

ಉತ್ತರ: ಮಾಡಬಹುದು. ಆದರೆ ಕೋರ್ಸಿನ ಹೆಸರನ್ನು ಮೊದಲು ಸರಿಯಾಗಿ ನೋಡಿ. ಎಂ.ಆರ್ಕ್., ಅಂದರೆ ಆರ್ಕಿಟೆಕ್ಚರ್ ಮಾಸ್ಟರ್ಸ್‌ನಲ್ಲೂ ಇಂಟೀರಿಯರ್ ವಿಷಯ ಇರುತ್ತದೆ. ಅದಕ್ಕೆ ಬಿ.ಆರ್ಕ್. ಆಗಿರಲೇಬೇಕು, ಹಾಗಾಗಿ ಅದನ್ನು ಬಿಟ್ಟುಬಿಡಿ. ನೀವು ಹುಡುಕಬೇಕಾದ್ದು ಎಂ.ಡೆಸ್. (ಮಾಸ್ಟರ್ ಆಫ್ ಡಿಸೈನ್), ಇಲ್ಲವೇ ಎಂ.ಎಸ್ಸಿ. ಯಾವ ಡಿಗ್ರಿಯವರನ್ನು ಸೇರಿಸಿಕೊಳ್ಳಬೇಕು ಅನ್ನುವ ನಿಯಮ ಒಂದೊಂದು ಕಡೆ ಒಂದೊಂದು ತರ. ಆ ವರ್ಷದ ಪ್ರವೇಶ ಕೈಪಿಡಿ ಓದದೆ ಅರ್ಜಿ ಶುಲ್ಕ ಕಟ್ಟಬೇಡಿ.

ದೇಶದಲ್ಲಿ ದೊಡ್ಡ ಹೆಸರು ಎರಡು, ಎರಡೂ ಅಹಮದಾಬಾದಿನಲ್ಲಿವೆ. 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಒಂದು. ಸೆಪ್ಟ್ ವಿಶ್ವವಿದ್ಯಾಲಯ ಇನ್ನೊಂದು. ಎನ್‌ಐಡಿಗೆ ಡ್ಯಾಟ್ ಅನ್ನುವ ತನ್ನದೇ ಪರೀಕ್ಷೆ ಇದೆ. ಬಹಳ ಜನ ಐಐಟಿ ಮುಂತಾದ ಕಡೆ ಎಂ.ಡೆಸ್. ಪ್ರವೇಶಕ್ಕೆ ಬೇಕಾಗುವ ಸೀಡ್ ಪರೀಕ್ಷೆಗೆ ಕೋಚಿಂಗ್ ಸೇರಿ ದುಡ್ಡು ಸುರಿಯುತ್ತಾರೆ. ಆ ಪರೀಕ್ಷೆ ನಡೆಸುವುದು ಐಐಟಿ ಬಾಂಬೆ, ಸಾಮಾನ್ಯವಾಗಿ ಜನವರಿಯಲ್ಲಿ. ಆದರೆ ಐಐಟಿಗಳ ಎಂ.ಡೆಸ್.ನಲ್ಲಿ ಇಂಟೀರಿಯರ್ ಅಲ್ಲ, ಪ್ರಾಡಕ್ಟ್, ಇಂಟರಾಕ್ಷನ್ ಡಿಸೈನ್ ತರದ ವಿಷಯಗಳೇ ಮುಖ್ಯ. ನಿಮಗೆ ಬೇಕಾದ ಕಾಲೇಜು ಸೀಡ್ ಅಂಕ ಕೇಳುತ್ತದಾ ಅಂತ ನೋಡಿಕೊಂಡು ಆಮೇಲೆ ಓದಲು ಕೂರಿ. ಇನ್ನೊಂದು ಮಾತು: ಬೋರ್ಡಿನಲ್ಲಿ 'ಮಾಸ್ಟರ್ಸ್' ಅಂತ ಬರೆದು ಕೊನೆಗೆ ಡಿಪ್ಲೊಮಾ ಕೊಡುವ ಜಾಗಗಳೂ ಇವೆ. ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿದೆಯಾ ನೋಡಿ.

ಈಗ ಪೋರ್ಟ್‌ಫೋಲಿಯೊ, ಅಂದರೆ ಪ್ರವೇಶಕ್ಕೆ ತೋರಿಸುವ ನಿಮ್ಮ ಕೆಲಸಗಳ ಸಂಗ್ರಹ. ಸಿವಿಲ್‌ನವರು ಎಡವುವುದು ಇಲ್ಲೇ. ಸಾಫ್ಟ್‌ವೇರಿನಲ್ಲಿ ಮಾಡಿದ ಹೊಳೆಯುವ ಸೋಫಾ, ಫಾಲ್ಸ್ ಸೀಲಿಂಗ್, ಅದರ ಸುತ್ತ ನೀಲಿ ಲೈಟು. ಇಂಥವನ್ನು ಆಯ್ಕೆ ಮಾಡುವವರು ದಿನಕ್ಕೆ ಎಷ್ಟು ನೋಡಿರುತ್ತಾರೋ! ನಿಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಸರಕಿದೆ. ಪರಿಚಯದವರ ಹಳೇ ತೊಟ್ಟಿ ಮನೆಗೆ ಟೇಪು ಹಿಡಿದು ಹೋಗಿ, ಪೂರ್ತಿ ಅಳೆದು ಕೈಯಲ್ಲೇ ಪ್ಲಾನ್, ಸೆಕ್ಷನ್ (ಮನೆಯನ್ನು ಸೀಳಿದರೆ ಕಾಣುವ ಒಳನೋಟ) ಬರೆಯಿರಿ. ತೊಟ್ಟಿಗೆ ಬಿದ್ದ ಮಳೆನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಬೆಳಿಗ್ಗೆ ಬೆಳಕು ಎಲ್ಲಿ ಬೀಳುತ್ತದೆ, ಸಂಜೆ ಎಲ್ಲಿ? ಅಜ್ಜಿ ಅಕ್ಕಿ ಆರಿಸಲು ಜಗುಲಿಯ ಅದೇ ಮೂಲೆಯಲ್ಲಿ ಯಾಕೆ ಕೂರುತ್ತಾರೆ? ಇವನ್ನೂ ಚಿತ್ರದಲ್ಲಿ ಗುರುತು ಮಾಡಿ.

ಆಮೇಲೆ ಮಳೆಗಾಲ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಬೂಷ್ಟು ಬರುತ್ತದೆ, ಸಿಂಕಿನ ಕೆಳಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಊದಿಕೊಳ್ಳುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾ? ಹಾಗಾದರೆ ಬೀರುವಿನ ಹಿಂದೆ ಗಾಳಿಗೆ ಎಷ್ಟು ಜಾಗ ಬಿಡಬೇಕು, ಅಡುಗೆಮನೆಗೆ ಐಎಸ್ 710 (ಐಎಸ್ ಅಂದರೆ ಭಾರತೀಯ ಮಾನಕ) ದರ್ಜೆಯ, ನೀರು ತಡೆಯುವ ಮರೈನ್ ಪ್ಲೈವುಡ್ ಯಾಕೆ, ಹಾಲ್‌ಗೆ ಐಎಸ್ 303ರ ಸಾಮಾನ್ಯ ಬಳಕೆಯ ಪ್ಲೈವುಡ್ ಸಾಕಾ ಅನ್ನುವುದನ್ನು ಎರಡು ಪುಟದಲ್ಲಿ ತೋರಿಸಿ. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಪ್ಲೈವುಡ್‌ಗೆ ಹೋಗುವ ಮರವೇ, ಅಲ್ವಾ? ಬಡಗಿಯ ಹತ್ತಿರ ನಾಲ್ಕು ದಿನ ಕೂತರೆ ಇನ್ನೂ ಜಾಸ್ತಿ ಸಿಗುತ್ತದೆ. ಸಿವಿಲ್ ಓದಿದ್ದರಿಂದ ಎಸ್ಟಿಮೇಟ್ (ಖರ್ಚಿನ ಅಂದಾಜು) ಹಾಕುವುದು ನಿಮಗೆ ಬರುತ್ತದೆ. ಅದನ್ನೂ ಸೇರಿಸಿ, ನಾಚಿಕೆ ಬೇಡ.

ವಿದೇಶದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಹಳೇ ಕಟ್ಟಡವನ್ನು ಹೊಸ ಬಳಕೆಗೆ ತಿರುಗಿಸುವುದನ್ನೇ ಮಾಸ್ಟರ್ಸ್‌ನಲ್ಲಿ ಕಲಿಸುತ್ತಾರೆ. ಹಳೇ ಎಸ್ಟೇಟ್ ಬಂಗಲೆ, ಬಳಸದೆ ಬಿಟ್ಟ ಕಾಫಿ ಗೋದಾಮು ನೋಡಿ ಬೆಳೆದವರಿಗೆ ಆ ವಿಷಯ ಒಗ್ಗುತ್ತದೆ. ಖರ್ಚು ಮಾತ್ರ ತೋಟ ಅಡ ಇಡುವ ಮಟ್ಟದ್ದು. ಸ್ಕಾಲರ್‌ಶಿಪ್ ಕೈಗೆ ಬರದೆ ನಾನಂತೂ ಹೋಗಿ ಅನ್ನುವುದಿಲ್ಲ.

ಕೊನೆಯ ಪ್ರಶ್ನೆಗೆ ಬಂದರೆ, ಹೋಮ್‌ಸ್ಟೇ ಒಳಾಂಗಣ ಮಾಡಲು ಪಿಜಿ ಬೇಕಿಲ್ಲ. ನಮ್ಮ ದೇಶದಲ್ಲಿ ಇಂಟೀರಿಯರ್ ಡಿಸೈನರ್‌ಗೆ ಕಾನೂನಿನ ನೋಂದಣಿ ಇಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಪಾಡುವುದು 'ಆರ್ಕಿಟೆಕ್ಟ್' ಅನ್ನುವ ಹೆಸರನ್ನು, ಅದನ್ನು ನೀವು ವಿಸಿಟಿಂಗ್ ಕಾರ್ಡಿನಲ್ಲಿ ಹಾಕುವಂತಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ, ದೊಡ್ಡ ಆಫೀಸು, ಮ್ಯೂಸಿಯಂ, ಆಸ್ಪತ್ರೆ ತರದ ಕೆಲಸ ಬೇಕಿದ್ದರೆ ಮಾಸ್ಟರ್ಸ್‌ಗೆ ಬೆಲೆ ಇದೆ. ಬರೀ ಹೋಮ್‌ಸ್ಟೇ ಸಾಕು ಅಂದರೆ ಮೊದಲು ಒಳ್ಳೆಯ ಡಿಸೈನರ್ ಹತ್ತಿರ ಒಂದು ವರ್ಷ ಕೆಲಸ ಮಾಡಿ, ಒಂದು ಮಳೆಗಾಲವೂ ಅದರಲ್ಲಿ ಬರಲಿ. ಆಮೇಲೂ ಓದಬೇಕು ಅನ್ನಿಸಿದರೆ ಆ ವರ್ಷದ ಕೆಲಸವೇ ಪೋರ್ಟ್‌ಫೋಲಿಯೊಗೆ ಬರುತ್ತದೆ.