ಮೈಚಾಚಿದರೆ ಮೂಳೆ, ಮುದುಡಿದರೆ ಕೊಬ್ಬು

ಮೂಳೆ ಎಂದರೆ ಸುಣ್ಣದ ಕಂಬ, ಸವೆದರೆ ಕ್ಯಾಲ್ಸಿಯಂ ಮಾತ್ರೆ ನುಂಗಿ ಗಾರೆ ಮೆತ್ತಿದರಾಯಿತು ಎಂದು ನಂಬಿದವರೇ ಹೆಚ್ಚು. ಕ್ಯಾಲ್ಸಿಯಂ ಬೇಕು, ನಿಜ. ಆದರೆ ಸುಣ್ಣದ ರಾಶಿಯೇ ಬಿದ್ದಿದ್ದರೂ ಕಟ್ಟುವ ಕೈಗಳಿಲ್ಲದೆ ಗೋಡೆ ಏಳುವುದಿಲ್ಲ. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿರುವ, ಹಲವು ಬಗೆಯ ಕೋಶಗಳಾಗಬಲ್ಲ ಮೆಸೆಂಕೈಮಲ್ ಕಾಂಡಕೋಶಗಳಿಂದ. ಮಜ್ಜೆಯ ಕೊಬ್ಬಿನ ಕೋಶಗಳಿಗೂ ಅವೇ ಮೂಲ. (ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳ ವಂಶವೇ ಬೇರೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.)

1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಪ್ರಾಣಿಯ ಮಜ್ಜೆಯನ್ನು ಮೂತ್ರಪಿಂಡದ ಹೊದಿಕೆಯಡಿ ನೆಟ್ಟರು. ಅಲ್ಲಿ ಮೂಳೆ ಬೆಳೆಯಿತು! ಮೂಳೆ ಕಟ್ಟುವ ಕಸುಬು ಮಜ್ಜೆಯಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಂಡಕೋಶ ಮೂಳೆಯತ್ತಲೋ ಕೊಬ್ಬಿನತ್ತಲೋ ತಿರುಗುವ ಕವಲಿನಲ್ಲಿ ಎರಡು ಪ್ರೋಟೀನುಗಳು ಕಾದಿರುತ್ತವೆ. ರಂಕ್ಸ್-2 ಗೆದ್ದರೆ ಮೂಳೆ, ಪಿಪಿಎಆರ್ ಗಾಮಾ ಗೆದ್ದರೆ ಕೊಬ್ಬು. ರಂಕ್ಸ್-2 ಇಲ್ಲದ ಇಲಿಮರಿಯ ಅಸ್ಥಿಪಂಜರ ಮೃದ್ವಸ್ಥಿಯಾಗಿಯೇ ಉಳಿದುಬಿಡುತ್ತದೆ ಎಂದು 1997ರಲ್ಲಿ ತಿಳಿಯಿತು. ಒಂದು ಮೇಲೆದ್ದಂತೆ ಇನ್ನೊಂದು ಕುಗ್ಗುತ್ತದೆ, ತಕ್ಕಡಿಯ ತಟ್ಟೆಗಳ ಹಾಗೆ.

ಹಾಗಾದರೆ ತಟ್ಟೆಯನ್ನು ಒತ್ತುವವರು ಯಾರು? ಹಾರ್ಮೋನುಗಳು, ಅಕ್ಕಪಕ್ಕದ ಕೋಶಗಳ ಸಂದೇಶಗಳು, ಹೀಗೆ ಹಲವು. ನನ್ನನ್ನು ಬೆರಗುಗೊಳಿಸಿದ್ದು ಮಾತ್ರ 2004ರಲ್ಲಿ ಕ್ರಿಸ್ಟೋಫರ್ ಚೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಸಪಾಟು ತಳದ ಮೇಲೆ ಕೋಶಕ್ಕೆ ಅಂಟಿಕೊಳ್ಳಲು ಪುಟ್ಟ ಪುಟ್ಟ ಚೌಕಗಳನ್ನು ಮೂಡಿಸಿದರು. ಕೆಲವು ಸುಮಾರು 1,000 ಚದರ ಮೈಕ್ರೋಮೀಟರ್, ಕೆಲವು 10,000. ಒಂದೊಂದರ ಮೇಲೆ ಒಂದೇ ಕಾಂಡಕೋಶ. ಮೂಳೆಗೂ ಕೊಬ್ಬಿಗೂ ಕರೆಯುವ ರಸಗಳೆರಡನ್ನೂ ಬೆರೆಸಿ ಎಲ್ಲಕ್ಕೂ ಅದನ್ನೇ ಉಣಿಸಿದರು. ಇಕ್ಕಟ್ಟಿನಲ್ಲಿ ಮುದುಡಿ ದುಂಡಗಾದವು ಕೊಬ್ಬಾದವು. ಕೈಕಾಲು ಚಾಚಿ ಹರಡಿಕೊಂಡವು ಮೂಳೆಯ ದಾರಿ ಹಿಡಿದವು.

ಗುಡಾರವನ್ನು ನೆನೆಯಿರಿ. ಗೂಟಗಳು ದೂರವಿದ್ದಷ್ಟೂ ಹಗ್ಗ ಬಿಗಿ. ಕೋಶದೊಳಗಿನ ಆಕ್ಟಿನ್ ಎಳೆಗಳು ಆ ಹಗ್ಗಗಳು, ಮಯೋಸಿನ್ ಅವನ್ನು ಜಗ್ಗುವ ಕೈ, ರೋ-ಎ ಎಂಬ ಪ್ರೋಟೀನು ‘ಎಳೆ’ ಎನ್ನುವ ಮೇಸ್ತ್ರಿ. ವೀಣೆಯ ತಂತಿಯೆಂದರೂ ಸರಿಯೇ: ಬಿರಡೆ ತಿರುಗಿಸಿದರೆ ಸ್ವರ ಬದಲಾಗುತ್ತದೆ, ತಂತಿ ಅದೇ. ರೋ-ಎ ಬಾಯಿ ಕಟ್ಟಿದರೆ ಕೋಶ ಕೊಬ್ಬಿನತ್ತ ವಾಲಿತು. ಅದನ್ನು ಸದಾ ಎಚ್ಚರವಿರಿಸಿದರೆ ಮೂಳೆಯತ್ತ.

ಕೊಬ್ಬಿನ ದಾರಿ ಹಿಡಿದ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊದಲು ಸಣ್ಣ ಎಣ್ಣೆಹನಿಗಳು, ಮುಂದೆ ಅವು ಕೂಡಿ ಒಂದೇ ದೊಡ್ಡ ಹನಿ, ಕೊನೆಗೆ ಕೋಶಕೇಂದ್ರ ಅಂಚಿಗೆ ತಳ್ಳಲ್ಪಟ್ಟು ಉಂಗುರದ ಹರಳಿನಂತೆ ಕೂತಿರುತ್ತದೆ.

ಈ ಕೊಬ್ಬನ್ನು ಸೊಂಟದ ಕೊಬ್ಬಿನ ತಮ್ಮ ಎಂದುಕೊಂಡರೆ ತಪ್ಪು. ಅನೊರೆಕ್ಸಿಯಾದಲ್ಲಿ ಅನ್ನ ಬಿಟ್ಟು ಸೊರಗಿದವರ ಮೈಕೊಬ್ಬು ಕರಗುತ್ತದೆ, ಮಜ್ಜೆಯ ಕೊಬ್ಬು ಏರುತ್ತದೆ, ಮೂಳೆ ತೆಳುವಾಗುತ್ತದೆ. ವಾರಗಟ್ಟಲೆ ಮಲಗಿಯೇ ಇದ್ದ ಸ್ವಯಂಸೇವಕರ ಬೆನ್ನುಮೂಳೆಯ ಮಜ್ಜೆಯಲ್ಲೂ ಎಂಆರ್‌ಐ ಹೆಚ್ಚಿದ ಕೊಬ್ಬನ್ನೇ ತೋರಿಸಿತು. ಪಿಪಿಎಆರ್ ಗಾಮಾವನ್ನು ಎಬ್ಬಿಸಿ ಸಕ್ಕರೆ ಇಳಿಸುವ ರೋಸಿಗ್ಲಿಟಜೋನ್ ಮಾತ್ರೆ ತೆಗೆದುಕೊಂಡ ಮಹಿಳೆಯರಲ್ಲಿ ಮೂಳೆಮುರಿತಗಳು ಹೆಚ್ಚಿದವು. ಇನ್ಸುಲಿನ್ ಮಾತು ಕೇಳಿಸಲೆಂದು ತಿರುಗಿಸಿದ ಬಿರಡೆ ಮಜ್ಜೆಯ ತಂತಿಗೂ ತಗುಲಿತ್ತು.