ಡೊಂಬಿವಲಿಯಲ್ಲಿ ಹೆಸರು ಪಡೆದ 12345678987654321

111111111 ಅನ್ನು ಅದರಿಂದಲೇ ಗುಣಿಸಿದರೆ 12345678987654321 ಬರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಬಂದಾಗ ಎಲ್ಲರೂ ಖುಷಿಪಟ್ಟು ಮುಂದೆ ಕಳಿಸುತ್ತೇವೆ, ಅಷ್ಟೇ ಅಲ್ವಾ? ಆದರೆ ಈ ಸಂಖ್ಯೆಗೆ ಒಂದು ಊರಿದೆ. ಗಣಿತದವರು ಇದನ್ನು ಡೆಮ್ಲೋ ಸಂಖ್ಯೆ ಅನ್ನುತ್ತಾರೆ. ಡೆಮ್ಲೋ ಅಂದರೆ ಈಗಿನ ಡೊಂಬಿವಲಿ, ಮುಂಬಯಿಯ ಎಷ್ಟೋ ಕನ್ನಡಿಗರು ದಿನಾ ಬೆಳಿಗ್ಗೆ ಲೋಕಲ್ ಹಿಡಿಯುವ ಸ್ಟೇಷನ್.

ಹೆಸರಿಟ್ಟವರು ಡಿ. ಆರ್. ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1930ರಿಂದ 1962ರವರೆಗೆ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಆಗಿನ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಡೆಮ್ಲೋ ಸ್ಟೇಷನ್ನಿನಲ್ಲಿ ಈ ಬಗೆಯ ಸಂಖ್ಯೆಗಳ ಯೋಚನೆ ಅವರಿಗೆ ಹೊಳೆದಿತ್ತು, ಅದಕ್ಕೇ ಆ ಹೆಸರು. 1938ರಲ್ಲಿ ಅದರ ಬಗ್ಗೆ ಲೇಖನವನ್ನೂ ಪ್ರಕಟಿಸಿದರು. ಸ್ನಾತಕೋತ್ತರ ಪದವಿ ಇಲ್ಲದ ಶಾಲಾ ಮೇಷ್ಟ್ರು ಇಷ್ಟು ಮಾಡಿದ್ದು ನನಗೆ ತುಂಬಾ ದೊಡ್ಡದು. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆಸಬೇಕು ಅನ್ನೋದು ನನ್ನ ಆಸೆ.

ಸಂಖ್ಯೆಯನ್ನು ಮೂರು ತುಂಡು ಮಾಡಿ: 12345678, ನಡುವೆ 9, ಆಮೇಲೆ 87654321. ಎಡದ್ದನ್ನೂ ಬಲದ್ದನ್ನೂ ಕೂಡಿದರೆ 99999999, ಅಂದರೆ ನಡುವಿನ ಒಂಬತ್ತೇ ಸಾಲಾಗಿ ನಿಲ್ಲುತ್ತದೆ. ಡೆಮ್ಲೋ ಸಂಖ್ಯೆಗಳ ಗುಣ ಇದೇ. ಹದಿನೇಳೂ ಅಂಕಿಗಳನ್ನು ಕೂಡಿದರೆ 81. ಆ 81ರಿಂದ ಸಂಖ್ಯೆಯನ್ನೇ ಗುಣಿಸಿದರೆ 999999999ರ ವರ್ಗ!

ಇದರ ಬೇರು ಇನ್ನೂ ಹಳೆಯದು, ಅದೂ ನಮ್ಮ ಕಡೆಯದೇ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ಮಾನ್ಯಖೇಟದಿಂದ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ 12345654321 ಇದೆ. ಒಂದರಿಂದ ಆರಕ್ಕೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಅದನ್ನು ಬಣ್ಣಿಸಿದ್ದಾರೆ. ಅವರು ಅಲ್ಲಿಗೆ ತಲುಪಿದ್ದು 27994681 ಅನ್ನು 441ರಿಂದ ಗುಣಿಸಿ. 111111ರ ವರ್ಗವೂ ಅದೇ.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಒಂಬತ್ತು ಒಂದುಗಳ ಗುಣಾಕಾರವನ್ನು ಕಾಗದದ ಮೇಲೆ ಮಾಡಿದರೆ ಒಂದೊಂದು ಸ್ಥಾನ ಎಡಕ್ಕೆ ಸರಿದ ಒಂಬತ್ತು ಸಾಲು ಬರುತ್ತವೆ. ಕಂಬಸಾಲಿನಲ್ಲಿ ಕೂಡಿದರೆ ತುದಿಯಲ್ಲಿ ಒಂದು, ನಡುವೆ ಒಂಬತ್ತು. ಎಲ್ಲೂ ದಶಕ ಬರುವುದಿಲ್ಲ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವೆ ಹತ್ತು ಬಂದು, ದಶಕ ಎಡಕ್ಕೆ ಹೋಗಿ, ಉತ್ತರ 1234567900987654321 ಆಗುತ್ತದೆ. ಏರಿಳಿತದ ಚಂದ ಹೋಯಿತು.

ಆದರೆ ಅಲ್ಲೇ ಬಿಡಬೇಡಿ. ಕಾಪ್ರೇಕರ್ ಇನ್ನೊಂದು ಜಾತಿಯ ಸಂಖ್ಯೆಗಳನ್ನೂ ಗುರುತಿಸಿದ್ದರು: ವರ್ಗವನ್ನು ಎರಡು ತುಂಡು ಮಾಡಿ ಕೂಡಿದರೆ ಮೂಲ ಸಂಖ್ಯೆಯೇ ಸಿಗುವಂಥವು. ಈ ಮುರಿದ ಉತ್ತರವನ್ನೂ ಹಾಗೇ 123456790 ಮತ್ತು 0987654321 ಅಂತ ತುಂಡು ಮಾಡಿ ಕೂಡಿ. ಬರುವುದು 1111111111.