ಪ್ಲಗ್ ಪಾಯಿಂಟ್ ಬೇಡದ ಸ್ಟುಡಿಯೋ

ಪವರ್ ಬ್ಯಾಂಕಿಗೆ ಎರಡನೇ ಕೇಬಲ್ ಚುಚ್ಚಿದ್ದೇ ತಡ, ಹೆಡ್‌ಫೋನಿನಲ್ಲಿ ಸಣ್ಣಗೆ ಕೀಂ ಅಂತ ಶುರುವಾಯಿತು. ಸೊಳ್ಳೆ ಹಾರಿದ ಹಾಗೆ, ಆದರೆ ಸೊಳ್ಳೆಗಿರುವ ಏರಿಳಿತವೂ ಇಲ್ಲ, ಒಂದೇ ಸಮ. ಕೇಬಲ್ ಕಿತ್ತರೆ ಮಾಯ. ಹಾಕಿದರೆ ಮತ್ತೆ ಹಾಜರ್. ಸುತ್ತಮುತ್ತ ಎಲ್ಲೂ ಒಂದು ಪ್ಲಗ್ ಪಾಯಿಂಟ್ ಇರಲಿಲ್ಲ. ಮರದ ಕೆಳಗೆ ಟ್ಯಾಬ್ಲೆಟ್, ಅದಕ್ಕೊಂದು ಯುಎಸ್‌ಬಿ ಹಬ್, ಹಬ್‌ಗೆ ಆಡಿಯೋ ಇಂಟರ್‌ಫೇಸ್ (ಮೈಕ್, ವಾದ್ಯಗಳ ಸದ್ದನ್ನು ಟ್ಯಾಬ್ಲೆಟ್ಟಿಗೆ ಮುಟ್ಟಿಸುವ ಪೆಟ್ಟಿಗೆ), ಹಬ್‌ಗೆ ಕರೆಂಟು ಪವರ್ ಬ್ಯಾಂಕಿನಿಂದ, ಅದೇ ಬ್ಯಾಂಕಿನ ಇನ್ನೊಂದು ಪೋರ್ಟಿನಿಂದ ಒಂದು ಪುಟ್ಟ ಸಿಂಥ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯ. ಇಷ್ಟೇ. ಎಲ್ಲವೂ ಬ್ಯಾಟರಿಯಲ್ಲೇ ಓಡುತ್ತಿತ್ತು. ಬ್ಯಾಟರಿ ಅಂದರೆ ಅಲುಗಾಡದ ಡಿಸಿ ಕರೆಂಟು ಅಲ್ವಾ, ಅದರೊಳಗೆ ಸದ್ದು ಎಲ್ಲಿಂದ ಬಂತು?

ಟ್ಯಾಬ್ಲೆಟ್ ಸುತ್ತ ಸ್ಟುಡಿಯೋ ಕಟ್ಟಲು ಹೊರಟವರು ಮೊದಲು ಕೇಳುವುದು ಯಾವ ಆಪ್, ಯಾವ ಮೈಕ್ ಅಂತ. ನಾನೂ ಹಾಗೇ ಶುರು ಮಾಡಿದ್ದೆ. ಆ ಕೀಂ ಸದ್ದಿನ ಮೂಲ ಹುಡುಕಿದ ಮೇಲೆ ನನ್ನ ಕ್ರಮ ಬದಲಾಯಿತು. ಈಗ ನಾನು ಮೊದಲು ಒಂದು ಕಾಗದದ ಮೇಲೆ ಕರೆಂಟಿನ ದಾರಿ ಬರೆದುಕೊಳ್ಳುತ್ತೇನೆ. ಎಲ್ಲಿಂದ ಹೊರಡುತ್ತದೆ, ಎಷ್ಟು ಹೊರಡುತ್ತದೆ, ಯಾವ ತಂತಿಯಲ್ಲಿ ವಾಪಸ್ ಬರುತ್ತದೆ. ಉಳಿದದ್ದೆಲ್ಲ ಆಮೇಲೆ.

ಬ್ಯಾಟರಿಯಿಂದ ಸಿಗುವ ಲಾಭ ನಿಜಕ್ಕೂ ದೊಡ್ಡದು. ಗೋಡೆಯ ಕರೆಂಟು ಸೆಕೆಂಡಿಗೆ 50 ಅಥವಾ 60 ಸಲ ಅತ್ತಿತ್ತ ತೂಗುತ್ತದೆ. ಎರಡು ಉಪಕರಣಗಳನ್ನು ಬೇರೆ ಬೇರೆ ಪ್ಲಗ್‌ಗೆ ಹಾಕಿ ನಡುವೆ ಒಂದು ಆಡಿಯೋ ಕೇಬಲ್ ಎಳೆದರೆ, ಎರಡರ ಅರ್ತ್ ನಡುವಿನ ಚೂರು ವೋಲ್ಟೇಜ್ ವ್ಯತ್ಯಾಸಕ್ಕೆ ಆ ಕೇಬಲ್ಲಿನ ಹೊರಕವಚವೇ ಸೇತುವೆಯಾಗುತ್ತದೆ. ಅದರಲ್ಲಿ ಹರಿಯುವ ಕರೆಂಟೇ ನಮಗೆ ಗುಂಯ್ ಅಂತ ಕೇಳುವುದು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಮೊದಲ ಸಲ ಚಾರ್ಜರ್ ಕಿತ್ತಿಟ್ಟು ಬರೀ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿದಾಗ, ಸ್ವರ ನಿಂತ ಮೇಲೆ ಉಳಿಯುವ ಆ ಖಾಲಿ ಜಾಗ ಎಷ್ಟು ಖಾಲಿಯಾಗಿತ್ತು ಅಂದರೆ, ಹೆಡ್‌ಫೋನ್ ಬಿಚ್ಚಿಕೊಂಡಿದೆಯೇನೋ ಅಂತ ಮುಟ್ಟಿ ನೋಡಿದೆ. ಜೊತೆಗೆ ಬಹುತೇಕ ಟ್ಯಾಬ್ಲೆಟ್ಟುಗಳಲ್ಲಿ ಫ್ಯಾನ್ ಇರುವುದಿಲ್ಲ. ಮೈಕಿನ ಪಕ್ಕದಲ್ಲೇ ಇಟ್ಟರೂ ಅದು ಉಸಿರು ಬಿಡುವುದಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡಿದವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಆ ಕೀಂ? ಪವರ್ ಬ್ಯಾಂಕಿನ ಒಳಗಿರುವ ಲಿಥಿಯಂ ಸೆಲ್ ಕೊಡುವುದು ಸುಮಾರು 3.7 ವೋಲ್ಟ್. ಯುಎಸ್‌ಬಿಗೆ ಬೇಕಾದ್ದು 5 ವೋಲ್ಟ್. ನಡುವೆ ಒಂದು ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ ಹಾಕಿ ತೆಗೆದು ವೋಲ್ಟೇಜನ್ನು ಮೇಲೆತ್ತುತ್ತದೆ. ಅಷ್ಟು ವೇಗದ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಆದರೆ ಹೊರೆ ಕಡಿಮೆ ಇದ್ದಾಗ ಕೆಲವು ಸರ್ಕ್ಯೂಟುಗಳು ಶಕ್ತಿ ಉಳಿಸಲು ಬಿಟ್ಟು ಬಿಟ್ಟು ಕೆಲಸ ಮಾಡುತ್ತವೆ. ಆ ಬಿಟ್ಟು ಬಿಟ್ಟು ಬರುವ ಲಯ ಕಿವಿಯ ವ್ಯಾಪ್ತಿಗೆ ಇಳಿದುಬಿಡುತ್ತದೆ. ಇನ್ನೊಂದು ಮೂಲ ಯುಎಸ್‌ಬಿಯೇ. ಅದು ತನ್ನ ಮಾತುಕತೆಯನ್ನು ಗಡಿಯಾರದಂತೆ ತುಂಡು ತುಂಡಾಗಿ ನಡೆಸುತ್ತದೆ. ಹಳೆಯ ವೇಗದಲ್ಲಿ 1 ಮಿಲಿಸೆಕೆಂಡಿಗೊಂದು ತುಂಡು, ಹೈ ಸ್ಪೀಡಿನಲ್ಲಿ 125 ಮೈಕ್ರೋಸೆಕೆಂಡಿಗೊಂದು. ಅಂದರೆ ಸೆಕೆಂಡಿಗೆ 1,000 ಅಥವಾ 8,000. ಎರಡೂ ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸ್ವರಗಳು! ಪ್ರತಿ ತುಂಡಿನ ಜೊತೆಗೂ ಉಪಕರಣ ಎಳೆಯುವ ಕರೆಂಟು ಒಂಚೂರು ಕುಲುಕುತ್ತದೆ.

ಕುಲುಕಿದರೆ ಕುಲುಕಲಿ, ಅದು ಆಡಿಯೋ ಒಳಗೆ ಹೇಗೆ ನುಗ್ಗಿತು ಅನ್ನುವುದು ಮುಖ್ಯ. ನನ್ನ ಸಿಂಥ್‌ಗೆ ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಎರಡು ಕಡೆಯಿಂದ ಸಿಗುತ್ತಿತ್ತು. ಒಂದು ಪವರ್ ಕೇಬಲ್ಲಿನ ಕಪ್ಪು ತಂತಿ, ಇನ್ನೊಂದು ಇಂಟರ್‌ಫೇಸಿಗೆ ಹೋಗುವ ಆಡಿಯೋ ಕೇಬಲ್ಲಿನ ಹೊರಕವಚ. ಇಂಟರ್‌ಫೇಸಿನ ಗ್ರೌಂಡ್ ಹಬ್ ಮೂಲಕ ಅದೇ ಪವರ್ ಬ್ಯಾಂಕಿಗೆ. ಸುತ್ತು ಪೂರ್ತಿಯಾಯಿತು. ವಾಪಸ್ ಹೋಗುವ ಕರೆಂಟು ಯಾವ ತಂತಿ ನನ್ನದು ಅಂತ ಕೇಳುವುದಿಲ್ಲ, ಸಿಕ್ಕ ದಾರಿಗಳಲ್ಲೆಲ್ಲ ಹಂಚಿಕೊಂಡು ಹರಿಯುತ್ತದೆ. ಹೊರಕವಚದ ರೋಧ ಬರೀ 0.1 ಓಮ್ ಅಂತಿಟ್ಟುಕೊಳ್ಳಿ, ಅದರಲ್ಲಿ 10 ಮಿಲಿಆಂಪ್ ಕುಲುಕಾಟ ಹರಿದರೆ 1 ಮಿಲಿವೋಲ್ಟ್ ಹುಟ್ಟುತ್ತದೆ. ಸಿಂಥ್ ಸದ್ದು 1 ವೋಲ್ಟ್ ಇದ್ದರೆ, ಈ ಕಸ ಅದಕ್ಕಿಂತ 60 ಡೆಸಿಬೆಲ್ ಮಾತ್ರ ಕೆಳಗೆ. ಜೋರಾಗಿ ನುಡಿಸುವಾಗ ಗೊತ್ತಾಗದು. ಮೆಲ್ಲಗೆ ನುಡಿಸಿದಾಗ, ಸ್ವರ ಕರಗುವಾಗ, ಅದು ಮೇಲೆದ್ದು ಬರುತ್ತದೆ.

ಪರಿಹಾರ ಸುಲಭ, ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಸಿಂಥ್‌ಗೆ ಅದರದ್ದೇ ಪೆನ್ಸಿಲ್ ಸೆಲ್ ಹಾಕಿದೆ, ಸದ್ದು ಹೋಯಿತು. ಅದಕ್ಕೆ ಬೇರೆ ಪವರ್ ಬ್ಯಾಂಕ್ ಕೊಟ್ಟರೂ ಹೋಗುತ್ತದೆ. ಅದೂ ಆಗದಿದ್ದರೆ ಆಡಿಯೋ ಕೇಬಲ್ಲಿನ ನಡುವೆ ಪುಟ್ಟ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ತಾಗುವುದೇ ಇಲ್ಲ, ಸಂಗೀತ ಅಯಸ್ಕಾಂತ ಶಕ್ತಿಯಾಗಿ ದಾಟುತ್ತದೆ, ಗ್ರೌಂಡ್ ಈಚೆಯೇ ಉಳಿಯುತ್ತದೆ.

ಇಲ್ಲಿ ಒಂದು ವಿಷಯ ಹೇಳದೆ ಇರಲಾರೆ. 1983ರಲ್ಲಿ ಮಿಡಿ (ಯಾವ ಸ್ವರ ನುಡಿಸಬೇಕು ಅಂತ ವಾದ್ಯಗಳು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ) ಬಂದಾಗ, ಅದನ್ನು ರೂಪಿಸಿದವರು ಈ ತೊಂದರೆಯನ್ನು ಮೊದಲೇ ಯೋಚಿಸಿದ್ದರು. ಐದು ಪಿನ್ನಿನ ಆ ಹಳೆಯ ಮಿಡಿ ಕೇಬಲ್ ಬಂದು ಸೇರುವ ಕಡೆ ಒಂದು ಆಪ್ಟೋ ಐಸೊಲೇಟರ್ ಇರುತ್ತದೆ, ಅಂದರೆ ಒಂದು ಪುಟಾಣಿ ಎಲ್‌ಇಡಿ ಮತ್ತು ಅದರ ಎದುರಿಗೊಂದು ಬೆಳಕಿನ ಸೆನ್ಸರ್. ಯಾವ ಕೀಲಿ ಒತ್ತಿದಿರಿ ಅನ್ನುವ ಸುದ್ದಿ ಬೆಳಕಾಗಿ ಜಿಗಿಯುತ್ತದೆ, ಎರಡು ಉಪಕರಣಗಳ ಗ್ರೌಂಡ್ ಸೇರುವುದೇ ಇಲ್ಲ. ಸೆಕೆಂಡಿಗೆ 31,250 ಬಿಟ್, ಒಂದು ಸ್ವರದ ಸುದ್ದಿ ದಾಟಲು ಸುಮಾರು 1 ಮಿಲಿಸೆಕೆಂಡ್. ಈಗ ನಾವೆಲ್ಲ ಅನುಕೂಲಕ್ಕೆ ಮಿಡಿಯನ್ನೂ ಯುಎಸ್‌ಬಿಯಲ್ಲೇ ಕಳಿಸುತ್ತೇವೆ. ಆ ಬೆಳಕಿನ ಜಿಗಿತ ಅಲ್ಲಿಲ್ಲ, ಗ್ರೌಂಡುಗಳು ಮತ್ತೆ ಸೇರಿಕೊಂಡವು. ಹಳೆಯ ಮಿಡಿ ಪೋರ್ಟ್ ಇರುವ ಸಿಂಥ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಅದನ್ನೇ ಬಳಸಿ.

ಇನ್ನು ಎಷ್ಟು ಹೊತ್ತು ಓಡುತ್ತದೆ ಅನ್ನುವ ಲೆಕ್ಕ. ಪವರ್ ಬ್ಯಾಂಕಿನ ಮೇಲೆ ದಪ್ಪಕ್ಷರದಲ್ಲಿ 20,000 ಮಿಲಿಆಂಪ್ ಅವರ್ ಅಂತ ಬರೆದಿರುತ್ತದೆ. ಅದು ಒಳಗಿನ ಸೆಲ್‌ಗಳ ಲೆಕ್ಕ, 3.7 ವೋಲ್ಟಿನದ್ದು. ಗುಣಿಸಿದರೆ 74 ವಾಟ್ ಅವರ್. ವೋಲ್ಟೇಜ್ ಏರಿಸುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಕೈಗೆ ಸಿಗುವುದು 60 ಅಂತ ಹಿಡಿಯುತ್ತೇನೆ. ಸಾಧಾರಣ ಐಪ್ಯಾಡಿನ ಒಳಗಿನ ಬ್ಯಾಟರಿ 28ರಿಂದ 29 ವಾಟ್ ಅವರ್. ಕಂಪನಿ ಹೇಳುವ 10 ಗಂಟೆಯಿಂದ ಭಾಗಿಸಿದರೆ 3 ವಾಟೂ ಆಗುವುದಿಲ್ಲ, ಆದರೆ ಅದು ವೆಬ್ ಮತ್ತು ವಿಡಿಯೋ ನೋಡುವವರ ಲೆಕ್ಕ. ಸಿಂಥ್ ಆಪ್ ನಾಲ್ಕು, ರಿವರ್ಬ್ (ಸದ್ದಿಗೆ ಕೋಣೆಯ ಅನುರಣನ ಸೇರಿಸುವಂಥದ್ದು) ಎರಡು ತೆರೆದಿಟ್ಟು ಪರದೆ ಉರಿಸಿದರೆ ನಾನು 5 ವಾಟ್ ಬರೆದುಕೊಳ್ಳುತ್ತೇನೆ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್, ಅಂದರೆ 2.5 ವಾಟ್. ಇಂಟರ್‌ಫೇಸ್ ಅದರೊಳಗೇ ಬದುಕುತ್ತದೆ ಅಂತಿಟ್ಟುಕೊಳ್ಳೋಣ. ಸಿಂಥ್, ಹಬ್ ಸೇರಿ ಒಂದೂವರೆ. ಒಟ್ಟು 9 ವಾಟ್. 60 ಭಾಗಿಸು 9, ಆರೂವರೆ ಗಂಟೆ. ಟ್ಯಾಬ್ಲೆಟ್ಟಿನ ಸ್ವಂತ ಬ್ಯಾಟರಿ ಬೇರೆ ಇದೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಧಾರಾಳ ಸಾಕು. ಇನ್ನೂ ದೊಡ್ಡದು ಬೇಕು ಅನ್ನುವವರು ವಿಮಾನದಲ್ಲಿ ಓಡಾಡುತ್ತೀರಾದರೆ 100 ವಾಟ್ ಅವರ್ ಮಿತಿ ನೆನಪಿರಲಿ. 3.7 ವೋಲ್ಟಿನಲ್ಲಿ ಅದು ಸುಮಾರು 27,000 ಮಿಲಿಆಂಪ್ ಅವರ್. ಅದನ್ನೂ ಕೈಚೀಲದಲ್ಲೇ ಒಯ್ಯಬೇಕು.

ಈ ಲೆಕ್ಕದಲ್ಲಿ ಸ್ಪೀಕರ್ ಇಲ್ಲ ಅನ್ನುವುದನ್ನು ಗಮನಿಸಿದಿರಾ? ಬೇಕಂತಲೇ ಬಿಟ್ಟಿದ್ದೇನೆ. ಒಳ್ಳೆಯ ಹೆಡ್‌ಫೋನ್ 1 ಮಿಲಿವಾಟಿನಲ್ಲಿ 100 ಡೆಸಿಬೆಲ್ ಆಸುಪಾಸು ಕೂಗುತ್ತದೆ, ಅದು ಕಿವಿಗೆ ಜಾಸ್ತಿಯೇ ಆಯಿತು. ಸ್ಪೀಕರ್ ಇಡೀ ಜಾಗದ ಗಾಳಿಯನ್ನು ಅಲುಗಾಡಿಸಬೇಕು, ಅದಕ್ಕೆ ವಾಟ್‌ಗಟ್ಟಲೆ ಬೇಕು. ಕಿವಿಯನ್ನು ಮುಚ್ಚುವ ಹೆಡ್‌ಫೋನ್ ಆದರೆ ಮೈಕಿಗೂ ಸೋರುವುದಿಲ್ಲ.

ಮೈಕಿಗೆ ಬೇಕಾದ 48 ವೋಲ್ಟ್ ಬಗ್ಗೆ ಹಲವರು ಹೆದರುತ್ತಾರೆ, ಬ್ಯಾಟರಿ ತಿಂದುಹಾಕುತ್ತದೆ ಅಂತ. ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಕಳಿಸುವ ಈ ಫ್ಯಾಂಟಮ್ ಪವರ್‌ನ ಸಂಖ್ಯೆಗೆ ಒಂದು ಚಂದದ ಹಿನ್ನೆಲೆ ಇದೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋಗಾಗಿ ಹೊಸ ಮೈಕ್ ತಯಾರಿಸಿತು. ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು, ಅದನ್ನೇ ಮೈಕಿಗೂ ಕೊಟ್ಟರು. ಆ ದೀಪದ ವೋಲ್ಟೇಜನ್ನೇ ಇವತ್ತು ನಮ್ಮ ಅಂಗೈಯಗಲದ ಇಂಟರ್‌ಫೇಸ್ 5 ವೋಲ್ಟಿನಿಂದ ಎತ್ತಿ ಎತ್ತಿ ತಯಾರಿಸುತ್ತದೆ. ಮೈಕ್ ಎಳೆಯುವುದು 3 ಮಿಲಿಆಂಪ್ ಅಂದುಕೊಂಡರೆ 0.15 ವಾಟೂ ಇಲ್ಲ. ಪರಿವರ್ತನೆಯ ನಷ್ಟ ಸೇರಿಸಿದರೂ ಸಣ್ಣದೇ. ಪರದೆಯ ಬೆಳಕು ಅರ್ಧ ಇಳಿಸಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ಬ್ಯಾಟರಿಗೂ, ನುಡಿಸಿದ ಸದ್ದು ಟ್ಯಾಬ್ಲೆಟ್ ದಾಟಿ ಕಿವಿಗೆ ಬರುವಷ್ಟರಲ್ಲಿ ಆಗುವ ವಿಳಂಬಕ್ಕೂ ಒಂದು ನಂಟಿದೆ, ಅದು ನನಗೆ ತಡವಾಗಿ ಹೊಳೆಯಿತು. ಟ್ಯಾಬ್ಲೆಟ್ ಸದ್ದನ್ನು ಒಂದೊಂದೇ ಬಿಂದುವಾಗಿ ಮುಟ್ಟುವುದಿಲ್ಲ, ಕಂತೆ ಕಟ್ಟಿ ಕೆಲಸ ಮಾಡುತ್ತದೆ. ಆ ಕಂತೆಗೆ ಬಫರ್ ಅಂತ ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್ (ಅವೇ ಆ ಬಿಂದುಗಳು) ಇರುವಾಗ 128ರ ಕಂತೆ ಅಂದರೆ 2.7 ಮಿಲಿಸೆಕೆಂಡ್, 1,024ರ ಕಂತೆ ಅಂದರೆ 21. ಒಳಗೆ ಬರುವಾಗ ಒಂದು ಕಂತೆ, ಹೊರಗೆ ಹೋಗುವಾಗ ಒಂದು, ಪರಿವರ್ತಕಗಳದ್ದು ಮೇಲಿಷ್ಟು. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು, ಹಾಗಾಗಿ ಒಟ್ಟು 10 ಮಿಲಿಸೆಕೆಂಡ್ ವಿಳಂಬ ಅಂದರೆ ಮೂರೂವರೆ ಮೀಟರ್ ದೂರದ ಸ್ಪೀಕರ್ ಕೇಳಿಸಿಕೊಂಡು ಹಾಡಿದ ಹಾಗೆ. ಹಾಡಬಹುದು. ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಈ ವಿಳಂಬ ಸುಲಭವಾಗಿ 150 ಮಿಲಿಸೆಕೆಂಡ್ ದಾಟುತ್ತದೆ, ಅದು 50 ಮೀಟರ್ ಆಚೆಗಿನ ಸ್ಪೀಕರ್. ತಾಳ ಹಿಡಿಯುವುದು ಸಾಧ್ಯವೇ ಇಲ್ಲ. ತಂತಿ ಹೆಡ್‌ಫೋನೇ ಬೇಕು. ಆದರೆ 128ರ ಕಂತೆಗೆ ಪ್ರೊಸೆಸರ್ ಸೆಕೆಂಡಿಗೆ 375 ಸಲ ಎದ್ದು ಕೂರಬೇಕು, 1,024ಕ್ಕೆ 47 ಸಲ ಸಾಕು. ನುಡಿಸುವಾಗ ಮಾತ್ರ ಚಿಕ್ಕ ಕಂತೆ ಇಟ್ಟು, ಮಿಕ್ಸ್ ಮಾಡುವಾಗ ದೊಡ್ಡದು ಮಾಡಿದರೆ ಟ್ಯಾಬ್ಲೆಟ್ ತಣ್ಣಗಿರುತ್ತದೆ. ಬಿಸಿಲಲ್ಲಂತೂ ಇದು ಮುಖ್ಯ. ಐಪ್ಯಾಡನ್ನು 35 ಡಿಗ್ರಿ ಒಳಗೆ ಬಳಸಿ ಅಂತಾರೆ. ಅದಕ್ಕಿಂತ ಕಾದರೆ ಅದು ತನ್ನ ವೇಗ, ಬೆಳಕು ಎರಡನ್ನೂ ತಾನೇ ತಗ್ಗಿಸಿಕೊಳ್ಳಬಹುದು, ಸದ್ದು ಪಟಪಟ ಒಡೆಯಲು ಶುರುವಾಗುತ್ತದೆ.

ಆಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐಪ್ಯಾಡಿಗೆ 2011ರಲ್ಲಿ ಬಂದ ಗ್ಯಾರೇಜ್‌ಬ್ಯಾಂಡ್‌ನಿಂದ 2023ರಲ್ಲಿ ಬಂದ ಲಾಜಿಕ್ ಪ್ರೋವರೆಗೆ ಬೇಕಾದಷ್ಟಿವೆ, ಎಲ್ಲದರಲ್ಲೂ ಹಾಡು ಮುಗಿಸಬಹುದು. ಇಂಟರ್‌ಫೇಸ್ ಮಾತ್ರ ಕ್ಲಾಸ್ ಕಂಪ್ಲೈಂಟ್ ಆಗಿರಲಿ, ಅಂದರೆ ಬೇರೆ ಡ್ರೈವರ್ ಇಲ್ಲದೆ ಹಾಕಿದ ಕೂಡಲೇ ಓಡುವಂಥದ್ದು.

ಎರಡು ಪೆಟ್ಟು ತಿಂದಿದ್ದೇನೆ, ಹೇಳಿಬಿಡುತ್ತೇನೆ. ಪವರ್ ಬ್ಯಾಂಕುಗಳು ಕರೆಂಟು ತೀರಾ ಕಡಿಮೆ ಹರಿಯುತ್ತಿದ್ದರೆ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ನನ್ನ ಸಿಂಥ್ ಹಾಡಿನ ನಡುವೆ ಹಾಗೇ ಸತ್ತಿತ್ತು. ಕೆಲವು ಬ್ಯಾಂಕುಗಳಲ್ಲಿ ಸಣ್ಣ ಹೊರೆಗೆಂದೇ ಬೇರೆ ಮೋಡ್ ಇದೆ, ಕೊಳ್ಳುವ ಮೊದಲು ನೋಡಿಕೊಳ್ಳಿ. ಎರಡನೆಯದು ಇದಕ್ಕಿಂತ ನೋವಿನದು. ತುಂಬ ಚೆನ್ನಾಗಿ ಬರುತ್ತಿದ್ದ ಒಂದು ಟೇಕಿನ ಮಧ್ಯೆ, ಬ್ಯಾಟರಿ ತುಂಬಿದೆಯಲ್ಲ ಅಂತ ಹಬ್‌ನಿಂದ ಪವರ್ ಕೇಬಲ್ ಕಿತ್ತೆ. ಇಂಟರ್‌ಫೇಸ್ ಮಾಯವಾಯಿತು, ರೆಕಾರ್ಡಿಂಗ್ ನಿಂತಿತು. ಯುಎಸ್‌ಬಿ ಪವರ್ ಡೆಲಿವರಿಯಲ್ಲಿ ಯಾರು ಯಾರಿಗೆ ಎಷ್ಟು ವೋಲ್ಟ್ ಕೊಡಬೇಕು ಅನ್ನುವುದು ಮಾತುಕತೆಯಿಂದ ತೀರ್ಮಾನವಾಗುತ್ತದೆ. ಕೇಬಲ್ ಕಿತ್ತಾಗ ಆ ಮಾತುಕತೆ ಮೊದಲಿನಿಂದ ಶುರು, ಆ ಒಂದು ಕ್ಷಣ ಎಷ್ಟೋ ಹಬ್‌ಗಳು ಡೇಟಾ ಸಂಪರ್ಕವನ್ನೂ ಬಿಟ್ಟುಬಿಡುತ್ತವೆ. ಈಗ ಕೆಂಪು ಗುಂಡಿ ಒತ್ತಿದ ಮೇಲೆ ನಾನು ಯಾವ ಕೇಬಲ್ಲನ್ನೂ ಮುಟ್ಟುವುದಿಲ್ಲ.

ಒತ್ತುವ ಮೊದಲು ಮಾಡುವ ಕೆಲಸ ಒಂದಿದೆ. ಎಲ್ಲ ಉಪಕರಣ ಆನ್ ಮಾಡಿ, ಯಾರೂ ಏನೂ ನುಡಿಸದೆ ಸುಮ್ನೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಅದರ ಮಟ್ಟವನ್ನು 30 ಡೆಸಿಬೆಲ್ ಏರಿಸಿ, ವಾಲ್ಯೂಮ್ ಮೊದಲು ಕಡಿಮೆ ಇಟ್ಟು, ಕಣ್ಣು ಮುಚ್ಚಿ ಕೇಳುತ್ತೇನೆ. ಗುಂಯ್ ಅಂದರೆ ಎಲ್ಲೋ ಗೋಡೆಯ ಕರೆಂಟು ಸೇರಿದೆ. ಕೀಂ ಅಂದರೆ ಒಂದೊಂದೇ ಕೇಬಲ್ ಕಿತ್ತು ನೋಡಬೇಕು. ಬರೀ ಮೆದುವಾದ ಹಿಸ್ ಇದ್ದರೆ ಅದು ಮೈಕ್ ಪ್ರೀಆಂಪಿನದ್ದು (ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಸರ್ಕ್ಯೂಟ್), ಅದರ ಜೊತೆ ಬಾಳಬಹುದು. ಆ ಮರದ ಕೆಳಗೆ, ಸಿಂಥ್‌ಗೆ ಪೆನ್ಸಿಲ್ ಸೆಲ್ ಹಾಕಿದ ಮೇಲೆ ಹೀಗೆ ಕೇಳಿದಾಗ ಹಿಸ್ ಹಿಂದೆ ಎಲೆಗಳ ಸದ್ದಿತ್ತು, ದೂರದಲ್ಲೊಂದು ಹಕ್ಕಿ. ಆ ಹತ್ತು ಸೆಕೆಂಡನ್ನು ಅಳಿಸಲಿಲ್ಲ. ಹಾಡು ಈಗ ಅದರಿಂದಲೇ ಶುರುವಾಗುತ್ತದೆ.